ಒಬ್ಬಳಿಗಾಗಿ ಬಂದ ಲಕ್ರಾಸು

ಅನುದಾನದ ಬಲದ ಮೇಲೆ ಉಸಿರಾಡುವ ಪ್ರೌಢಶಾಲೆಯೊಂದರ ಆಟದ ಕೋಣೆಯನ್ನು ನೀವೆಂದಾದರೂ ಇಣುಕಿ ನೋಡಿದ್ದರೆ, ಓದುಗ ಮಿತ್ರರೇ, ಗಾಳಿ ಹೋದ ವಾಲಿಬಾಲು, ಸ್ಟ್ರೈಕರ್ ಕಳೆದುಕೊಂಡ ಕೇರಂ ಬೋರ್ಡು ಮತ್ತು ಇವನ್ನು ಯಾರೂ ಆಡಕೂಡದೆಂದು ಜಡಿದ ಭಾರಿ ಬೀಗದ ಪರಿಚಯ ನಿಮಗೆ ಇದ್ದೇ ಇರುತ್ತದೆ. ಗುಂಡ್ಲುಪೇಟೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದ ಹೆಣ್ಣುಮಕ್ಕಳ ಶಾಲೆಯ ಕೋಣೆಯಲ್ಲಿ ಇವುಗಳ ಜೊತೆಗೆ ಹೆಡ್‌ಮಾಸ್ಟರರ ಉಪ್ಪಿನಕಾಯಿ ಜಾಡಿಯೂ ವಾಸವಾಗಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಆ ಜಾಡಿಯ ಪಕ್ಕಕ್ಕೆ ಕಡಲಾಚೆಯ ವಸ್ತುವೊಂದು ಬಂದು ಸೇರಿತು. ಅದು ಬಂದ ದಾರಿಯೇ ವಿಚಿತ್ರ.

ಬಂಡೀಪುರದ ಆನೆ ನೋಡಲು ಹೊರಟಿದ್ದ ವಿದೇಶಿ ಮಹಿಳೆಯೊಬ್ಬರ ಕಾರು ನಮ್ಮ ಶಾಲೆಯ ಕಾಂಪೌಂಡಿನ ಮುಂದೆ ಕೆಟ್ಟು ನಿಂತಿತು. ಬಿಡಿಭಾಗ ತರಲು ಮೈಸೂರಿಗೆ ಹೋದ ಮೆಕ್ಯಾನಿಕ್ ಹಿಂತಿರುಗುವವರೆಗೆ ಅವರು ನಮ್ಮ ಅತಿಥಿಯಾದರು. ತಮ್ಮ ದೇಶದಲ್ಲಿ ಆಟ ಕಲಿಸುವ ಟೀಚರಂತೆ. ಆನೆಯ ಬದಲು ಅವರಿಗೆ ಅಂದು ನೋಡಲು ಸಿಕ್ಕಿದ್ದು ನಮ್ಮ ಹುಡುಗಿಯರ ಹ್ಯಾಂಡ್‌ಬಾಲ್. ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತ ಎದುರಾಳಿಯ ಗೋಲಿಗೆ ಎಸೆಯುವ ಆಟ ಅದು. ಚೆಂಡು ಎಲ್ಲರ ಕೈಗೂ ಹೋಗುತ್ತಿತ್ತು, ಅಂಚಿನಲ್ಲಿ ಕೈ ಚಾಚಿ ನಿಂತಿದ್ದ ಮಾದೇವಿಯೊಬ್ಬಳ ಕೈಗೆ ಬಿಟ್ಟು. ಒಂಬತ್ತನೇ ತರಗತಿಯ ಮಾದೇವಿ ಊರಾಚೆಯ ಕೇರಿಯವಳು. ಅವಳಪ್ಪ ಬಂಡೀಪುರದಲ್ಲಿ ಅರಣ್ಯ ಇಲಾಖೆಯ ವಾಚರ್. ಸರ್ಕಾರದ ನಿಯಮದಂತೆ ಅವಳಿಗೆ ತಂಡದಲ್ಲಿ ಜಾಗವಿತ್ತು. ಊರಿನ ನಿಯಮದಂತೆ ಚೆಂಡಿರಲಿಲ್ಲ.

ಆ ಹುಡುಗಿ ಯಾಕೆ ಹಾಗೆ ನಿಂತಿದ್ದಾಳೆಂದು ಅತಿಥಿ ಕೇಳಿದರು. ಸುಳ್ಳನ್ನು ಇಂಗ್ಲಿಷಿನಲ್ಲಿ ಹೇಳಿದರೆ ಅದು ಮಾಹಿತಿಯಾಗುತ್ತದೆಂದು ನಂಬಿದ್ದ ನಮ್ಮ ಹೆಡ್‌ಮಾಸ್ಟರರು ಕೋಟಿನ ಗುಂಡಿ ಹಾಕಿಕೊಂಡು, “ಶೀ ಲೈಕ್ಸ್ ಓನ್ಲಿ ಸಿಂಗಲ್ ಪ್ಲೇ, ಮೇಡಂ” ಎಂದುಬಿಟ್ಟರು.

ಆ ಪುಣ್ಯಾತ್ಗಿತ್ತಿ ಅದನ್ನು ನಂಬಿದರು. ಮುಂದಿನ ಶಾಲಾ ವರ್ಷಕ್ಕೆ ನಮ್ಮ ಶಾಲೆಗೊಂದು ದೊಡ್ಡ ಪೆಟ್ಟಿಗೆ ಬಂತು. ಒಳಗೆ, ಮಡಿಚಿ ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ಕಬ್ಬಿಣದ ಚೌಕಟ್ಟು, ಅದಕ್ಕೆ ಬಿಗಿಯಾಗಿ ಕಟ್ಟಿದ ಬಲೆ, ತುದಿಯಲ್ಲಿ ಪುಟ್ಟ ಜಾಳಿಗೆಯಿರುವ ಒಂದು ಕೋಲು, ಒಂದು ಗಟ್ಟಿ ರಬ್ಬರ್ ಚೆಂಡು. ಜಾಳಿಗೆಯಿಂದ ಚೆಂಡನ್ನು ಬಲೆಗೆ ಬೀಸಿದರೆ ಬಲೆ ಅದನ್ನು ತಿರುಗಿ ಎಸೆಯುತ್ತದೆ. ಜೊತೆಗಾರರೇ ಇಲ್ಲದೆ ಲಕ್ರಾಸ್ ಎಂಬ ಆಟವನ್ನು ಅಭ್ಯಾಸ ಮಾಡುವ ಸಲಕರಣೆ. ನಮ್ಮ ಅಟೆಂಡರ್ ಸಿದ್ದಯ್ಯ ಆ ಹೆಸರನ್ನು ಕೇಳಿ, “ಯಾವ್ ರಾಸು ಸಾ ಇದು? ಉಳಾಕಾ, ಕರ‍್ಯಾಕಾ?” ಎಂದು ಹೆಡ್‌ಮಾಸ್ಟರರನ್ನು ವಿಚಾರಿಸಿದ.

ವಿದೇಶಿ ವಸ್ತುವಿಗೆ ಉದ್ಘಾಟನೆಯಾಗದಿದ್ದರೆ ಹೇಗೆ? ಅರಿಸಿನದ ಮಂಡಿಯ ಯಜಮಾನರೂ ಶಾಲಾ ಸಮಿತಿಯ ಅಧ್ಯಕ್ಷರೂ ಆದ ಮಲ್ಲಪ್ಪನವರು ಪೇಟ ಧರಿಸಿ ಬಂದರು. ಏಕಾಂತ ಸಾಧನೆಯೇ ನಮ್ಮ ಋಷಿಗಳ ಮಾರ್ಗವೆಂದೂ, ಪರದೇಶದವರಿಗೆ ಅದು ಈಗ ಹೊಳೆದಿದೆಯೆಂದೂ ಸುದೀರ್ಘವಾಗಿ ನುಡಿದು, ಕೋಲಿನ ಗೊಡವೆ ಬೇಡವೆಂದು ಚೆಂಡನ್ನು ಕೈಯಿಂದಲೇ ರಭಸವಾಗಿ ಬಲೆಗೆ ಎಸೆದರು. ಬಲೆ ಯಾವ ಪಕ್ಷಪಾತವನ್ನೂ ತೋರದೆ ಅಷ್ಟೇ ರಭಸದಿಂದ ಅದನ್ನು ಹಿಂತಿರುಗಿಸಿತು. ಪೇಟ ಉರುಳಿಕೊಂಡು ವಂದನಾರ್ಪಣೆ ಮಾಡಬೇಕಿದ್ದವರ ಪಾದದ ಬಳಿ ನಿಂತಿತು.

ಆಮೇಲೆ ಸಲಕರಣೆಯನ್ನು ಮಾದೇವಿಗೆ ಒಪ್ಪಿಸಲಾಯಿತು. ಎಂಥ ನೆಮ್ಮದಿ ನೋಡಿ! ತಂಡಕ್ಕೆ ಚೆಂಡು, ಮಾದೇವಿಗೆ ಬಲೆ. “ಅವಳಿಗೇ ಅಂತ ಸಪರೇಟು ಫಾರಿನ್ ಸಾಮಾನು, ಇನ್ಯಾವ ಶಾಲೆಯಲ್ಲಿ ಇಂಥ ಸೌಕರ್ಯವಿದೆ?” ಎಂದು ಹೆಡ್‌ಮಾಸ್ಟರರು ಸ್ಟಾಫ್‌ರೂಮಿನಲ್ಲಿ ಎಲ್ಲರನ್ನೂ ಕೇಳುತ್ತಿದ್ದರು. ದೂರವಿಡುವುದಕ್ಕೆ ಸೌಕರ್ಯವೆಂಬ ಹೆಸರು ಸಿಕ್ಕಿದ ಮೇಲೆ ಯಾರ ಮನಸ್ಸಿಗೂ ಚುಚ್ಚುವ ಪ್ರಶ್ನೆಯೇ ಉಳಿಯಲಿಲ್ಲ.

ಮೈದಾನದ ಹಿಂದಿನ ಕಲ್ಲುನೆಲದಲ್ಲಿ ಚೌಕಟ್ಟು ಎಂದೂ ನೆಟ್ಟಗೆ ನಿಲ್ಲಲಿಲ್ಲ. ಹಾಗಾಗಿ ಚೆಂಡು ಒಮ್ಮೆ ಮುಖಕ್ಕೆ, ಒಮ್ಮೆ ಕಾಲಿಗೆ, ಒಮ್ಮೆ ಬೇಲಿಯ ಕಡೆಗೆ ಸಿಡಿಯುತ್ತಿತ್ತು. ಮಾದೇವಿ ಹಾರಿ, ಬಾಗಿ, ಬಿದ್ದು ಹಿಡಿಯುತ್ತಿದ್ದಳು. ಕೋಲನ್ನು ಬದಿಗಿಟ್ಟು ಬರಿಗೈಯಲ್ಲೇ ಹಿಡಿಯುವುದು ಅವಳಿಗೆ ಹೆಚ್ಚು ಇಷ್ಟ. ಬೇಜಾರಾಗುವುದಿಲ್ಲವೇ ಎಂದು ಒಂದು ಸಂಜೆ ಕೇಳಿದೆ. “ಆಯ್ತದೆ ಮಿಸ್. ಆದ್ರೆ ಸುಮ್ಕೆ ನಿಂತ್ಕಂಡ್ರೆ ಇನ್ನೂ ಬೇಜಾರಾಯ್ತದೆ” ಎಂದಳು.

ಆ ವರ್ಷ ಜಿಲ್ಲಾ ಮಟ್ಟದ ಆಟೋಟ ನಡೆದದ್ದು ಚಾಮರಾಜನಗರದಲ್ಲಿ. ಹುಡುಗಿಯರ ಜೊತೆಗೊಬ್ಬ ಶಿಕ್ಷಕಿ ಇರಲೇಬೇಕೆಂದು ನನ್ನನ್ನೂ ಕಳಿಸಿದರು. ಹೊರಡುವ ಹೊತ್ತಿಗೆ ನಮ್ಮ ಗೋಲ್‌ಕೀಪರಿಗೆ ಮಂಗನಬಾವು. ಪಿ.ಟಿ. ಮೇಷ್ಟ್ರು ಪುಟ್ಟಸ್ವಾಮಿ ತಲೆ ಕೆರೆದುಕೊಂಡು ಮಾದೇವಿಯನ್ನು ಗೋಲಿನಲ್ಲಿ ನಿಲ್ಲಿಸಿದರು. ಅಲ್ಲಿ ಅವಳಿಗೆ ನಮ್ಮವರು ಚೆಂಡು ಕೊಡುವ ಅಗತ್ಯವಿರಲಿಲ್ಲ. ಆ ಕೆಲಸವನ್ನು ಎದುರಾಳಿಗಳು ಮಾಡಿದರು. ಅವಳ ಕೇರಿ ಯಾವುದೆಂದು ತಿಳಿಯದ ಪರವೂರಿನ ಹುಡುಗಿಯರು ಪೂರ್ಣ ಶ್ರದ್ಧೆಯಿಂದ, ಮೈಯ ಶಕ್ತಿಯನ್ನೆಲ್ಲ ಕೂಡಿಸಿ, ಅವಳತ್ತಲೇ ಚೆಂಡು ಎಸೆದರು. ಅವಳು ಎಲ್ಲವನ್ನೂ ತಡೆದಳು. ನಾವು ಫೈನಲ್ ಸೇರಿದೆವು. ಜೀಪಿನಲ್ಲಿ ಬಂದಿಳಿದ ಅಧ್ಯಕ್ಷರು ಇದೆಲ್ಲ ಬಲೆಯ ಮಹಿಮೆಯೆಂದು ಘೋಷಿಸಿದರು.

ಮರುದಿನ ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತಿದ್ದಾಗ ಮಾದೇವಿ ಪಿ.ಟಿ. ಮೇಷ್ಟ್ರ ಮುಂದೆ ಬಂದು ನಿಂತಳು.

“ಇವತ್ತು ಗೋಲಲ್ಲಿ ನಿಲ್ಲಾಕಿಲ್ಲ ಸಾ. ಮುಂದ್ಕೆ ಆಕಿ, ಆಡ್ತೀನಿ.”

“ತಲೆ ಕೆಟ್ಟಿದ್ದದಾ ನಿಂಗೆ? ಕಪ್ಪು ಕೈಗ್ ಬಂದದೆ ಕಣಮ್ಮಿ! ನೆನ್ನೆ ನಿಂತಂಗೆ ನಿಂತ್ಕೊ, ಸಾಕು.”

“ನಿಲ್ಲಾದೇ ಆದ್ರೆ ಊರ್ಗೋಯ್ತೀನಿ. ನಂಗೂ ಚೆಂಡ್ ಕೊಡ್ಲಿ ಸಾ.”

ಪಕ್ಕದಲ್ಲೇ ಇದ್ದ ಅಧ್ಯಕ್ಷರ ಮುಖ ಕೆಂಪಾಯಿತು. “ಫಾರಿನ್ ಸಾಮಾನೇ ಕೊಟ್ಟಿದ್ದೀವಲ್ಲ, ಇನ್ನೂ ಏನ್ ಕೊಡ್ಬೇಕು ನಿಂಗೆ?” ಎಂದು ಗುಡುಗಿದರು. ಮಾದೇವಿಯ ಕಣ್ಣು ತುಂಬಿತು, ಆದರೆ ಅವಳು ಕದಲಲಿಲ್ಲ. ಆಗ ಬಾಯಿ ಬಿಟ್ಟವಳು ತಂಡದ ನಾಯಕಿ ಶಶಿಕಲಾ, ಅಧ್ಯಕ್ಷರ ತಮ್ಮನ ಮಗಳು: “ಆಡ್ಲಿ ಬುಡಿ ದೊಡ್ಡಪ್ಪ. ಅವ್ಳಿಲ್ದಿದ್ರೆ ನೆನ್ನೇನೇ ಗಂಟು ಕಟ್ಟಿರ್ತಿದ್ವಿ.”

ಅನುಮತಿ ಸಿಕ್ಕಿತು; ಚೆಂಡು ಸಿಗಲಿಲ್ಲ. ಮೊದಲ ಅರ್ಧವಿಡೀ ಅದು ಅಭ್ಯಾಸಬಲದಿಂದ ಅವಳ ತಲೆಯ ಮೇಲೆಯೇ ಹಾರಾಡಿತು. ಇತ್ತ ನಮ್ಮ ಗೋಲಿನಲ್ಲಿ ನಿಂತ ಹೊಸ ಹುಡುಗಿ ಚೆಂಡು ಬಂದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ದ್ವಿತೀಯಾರ್ಧದಲ್ಲಿ ಎದುರಾಳಿಗಳಿಬ್ಬರು ಶಶಿಕಲಾಳನ್ನು ಗೆರೆಯ ಅಂಚಿಗೆ ಒತ್ತಿದರು. ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಇಡೀ ಮೈದಾನದಲ್ಲಿ ಬಿಡುವಾಗಿದ್ದದ್ದು ಒಂದೇ ಜೋಡಿ ಕೈ. ಎಸೆದಳು. ಮಾದೇವಿ ಗಾಳಿಯಲ್ಲೇ ಹಿಡಿದು, ತಿರುಗಿ, ಗೋಲಿಗೆ ಬೀಸಿದಳು. ಆಕಾಶ ಕಳಚಿ ಬೀಳಲಿಲ್ಲ. ಅಧ್ಯಕ್ಷರ ಕೈಯಲ್ಲಿದ್ದ ಸೋಡಾ ಮಾತ್ರ ಪಂಚೆಯ ಮೇಲೆ ಚೆಲ್ಲಿತು.

ಆಮೇಲೆ ಚೆಂಡು ಅವಳ ಕೈಗೆ ಮತ್ತೆ ಮತ್ತೆ ಬಂತು. ಗೆಲ್ಲುವ ಆಸೆಗೆ ಮಡಿವಂತಿಕೆ ಕಡಿಮೆ. ನಾವು ಬೆನ್ನು ಹತ್ತಿ ಬಂದೆವು. ಕೊನೆಯ ಗಳಿಗೆಯಲ್ಲಿ ಶಶಿಕಲಾ ಎಸೆದ ಚೆಂಡು ಮಾದೇವಿಯ ಬೆರಳು ಸವರಿ ಹೊರಗೆ ಹೋಯಿತು, ಸೀಟಿ ಕೇಳಿಸಿತು, ಒಂದೇ ಗೋಲಿನಿಂದ ಸೋತೆವು. ಅಧ್ಯಕ್ಷರ ಜೀಪು ನಮಗಾಗಿ ಕಾಯಲಿಲ್ಲ.

ಸಂಜೆಯ ಬಸ್ಸು ಹಿಡಿದು ಊರಿಗೆ ಹೊರಟೆವು. ಉಡಿಗಾಲ ದಾಟುತ್ತಿದ್ದಂತೆ ಶಶಿಕಲಾ ಸೀಟಿನಿಂದ ಎದ್ದು ಹಿಂದಕ್ಕೆ ತಿರುಗಿದಳು.

“ಅಷ್ಟು ಚೆನ್ನಾಗ್ ಎಸ್ದಿದ್ನಲ್ಲಮ್ಮಿ, ಇಡ್ಕಳಾಕ್ ಆಗ್ನಿಲ್ವಾ ನಿಂಗೆ?”

“ಅದು ಎಸ್ಯಾದಾ? ಮೊಣಕಾಲ್ಗೆ ಒಡ್ಬುಟ್ಟೆ ಕಣಮ್ಮಿ!” ಎಂದಳು ಮಾದೇವಿ.

ಹುಡುಗಿಯರೆಲ್ಲ ತಿರುಗಿ ಅವಳನ್ನು ನೋಡಿದರು. ಅಲ್ಲಿಯವರೆಗೆ ಅವಳು ಶಶಿಕಲಾಳಿಗೆ ‘ನೀವು’ ಎನ್ನದೆ ಮಾತಾಡಿದ್ದೇ ಇಲ್ಲ. ಆದರೆ ಶಶಿಕಲಾಳ ಕಿವಿಗೆ ಬಿದ್ದದ್ದು ಆ ಏಕವಚನವಲ್ಲ, ತನ್ನ ಎಸೆತಕ್ಕಾದ ಅವಮಾನ. “ಮೊಣಕಾಲ್ಗಾ? ಎದೆ ಮಟ್ಟಕ್ಕೆ ಎಸ್ದಿದ್ದೆ! ನೀನೇ ಲೇಟಾಗ್ ಬಂದೆ!” ಎಂದು ಕಿರುಚಿದಳು. ತಂಡ ಎರಡು ಪಕ್ಷವಾಯಿತು. ಮೊಣಕಾಲು ಪಕ್ಷದಲ್ಲಿ ಶಶಿಕಲಾಳ ಸೋದರತ್ತೆಯ ಮಗಳೂ ಇದ್ದಳು. ಕಂಡಕ್ಟರ್ ಬಂದು, “ಸುಮ್ಕಿರಿಸಿ ಮೇಡಂ, ಇವ್ರ್ನ” ಎಂದು ಬೇಡಿಕೊಂಡ. ನಾನು ಕಿಟಕಿಯ ಕಡೆ ತಿರುಗಿ ಕುಳಿತೆ. ತೆರಕಣಾಂಬಿ ಬಂತು, ಹೋಯಿತು.

ಗುಂಡ್ಲುಪೇಟೆಯ ಸ್ಟ್ಯಾಂಡಿನಲ್ಲಿ ಇಳಿದು ಒಬ್ಬಳು ಪೇಟೆಯ ಕಡೆಗೆ, ಇನ್ನೊಬ್ಬಳು ಕೇರಿಯ ಕಡೆಗೆ ಹೊರಟ ಮೇಲೂ ಆ ಜಗಳ ಮುಗಿದಿರಲಿಲ್ಲ.

“ನಾಳೆ ಗ್ರೌಂಡಿಗ್ ಬಾ, ಎಸ್ದು ತೋರುಸ್ತೀನಿ!” ಎಂದು ರಸ್ತೆಯ ಆಚೆಯಿಂದ ಶಶಿಕಲಾ ಕೂಗಿದಳು.

“ನೀನ್ ಬೇಗ್ ಬಾ ಕಣಮ್ಮಿ!” ಎಂದು ಈಚೆಯಿಂದ ಮಾದೇವಿ ಇನ್ನೂ ಜೋರಾಗಿ ಕೂಗಿದಳು.