ಚರಂಡಿಯ ಕಲ್ಲು, ನನ್ನ ಶಾಲು

ಬೆಳಿಗ್ಗೆ ಬೀರು ತೆಗೆದರೆ ಗಪ್ಪೆಂದು ನುಸಿಗುಳಿಗೆಯ ವಾಸನೆ. ಮಡಿಸಿಟ್ಟ ಬಟ್ಟೆಗಳ ಅಡಿಯಿಂದ ಜರಿಯಂಚಿನ ಒಂದು ಶಾಲು ಇಣುಕಿತು. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇರಬಹುದು. ಹೊದೆಯಲು ಬಾರದು, ಎಸೆಯಲು ಮನಸ್ಸಾಗದು. ನನ್ನ ಶಾಲಿನ ಕಥೆ ಹೇಳಿದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ನನ್ನ ಹೆಂಡತಿ ಎರಡು ವರ್ಷದಿಂದ ನಗುತ್ತಲೇ ಇದ್ದಾಳೆ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟವನು ನಾನು. ಹಾಗಾಗಿ ನಮ್ಮ ಬೀದಿಯಲ್ಲಿ ಅರ್ಜಿ ಬರೆಯುವುದು, ಮೈಕು ಹಿಡಿಯುವುದು ನನ್ನ ಪಾಲಿನ ಕೆಲಸವೆಂದು ಯಾರೂ ಹೇಳದೆಯೇ ತೀರ್ಮಾನವಾಗಿತ್ತು. ಯಾರೂ ಹೇಳದೆಯೇ ಎಂದರೆ, ನಾನೇ ಹೇಳಿದ್ದೆ.

ಆಗ ಬೀದಿಯ ಕಷ್ಟ ಒಂದೇ. ಎದುರುಮನೆ ಸಾಕಮ್ಮನ ಬಾಗಿಲ ಮುಂದೆ ಚರಂಡಿ ಮೇಲಿನ ಕಲ್ಲು ಮುರಿದು ಬಿದ್ದಿತ್ತು. ನಾವೆಲ್ಲ ದಾಟಿಕೊಂಡು ಓಡಾಡುತ್ತಿದ್ದೆವು. ಆದರೆ ಸಾಕಮ್ಮನ ಗಂಡ ಚೌಡಪ್ಪನಿಗೆ ಕಣ್ಣು ಕಾಣದು. ದಿನಾ ಕೋಲೂರಿಕೊಂಡು ಸರ್ಕಲ್ಲಿನ ಟೀ ಅಂಗಡಿಗೆ ಹೋಗಿ, ಬಂದದ್ದು ಮಳವಳ್ಳಿ ಬಸ್ಸೋ ಮಂಡ್ಯ ಬಸ್ಸೋ ಎಂದು ಹಾರನ್ನು ಕೇಳಿಯೇ ಹೇಳುತ್ತಿದ್ದ ಮನುಷ್ಯ. ಒಮ್ಮೆ ಚರಂಡಿಗೆ ಬಿದ್ದು ಮಂಡಿ ತರಚಿಕೊಂಡವನು ಆಮೇಲೆ ಹೊಸಿಲು ದಾಟಲಿಲ್ಲ. ಬಾಗಿಲಲ್ಲೇ ಕೂತು ದೂರದ ಹಾರನ್ನಿಗೆ ಕಿವಿ ಕೊಡುತ್ತಿದ್ದ.

ಅಷ್ಟರಲ್ಲಿ ಪುರಸಭೆಯವರು ನಾಗರಿಕರ ಅಹವಾಲು ಕೇಳಲು ಸಭೆ ಕರೆದರು. ನಾನು ಮೂರು ದಿನ ಕೂತು ಮೂರು ಪುಟದ ಅರ್ಜಿ ಬರೆದೆ.

"ಕಲ್ಲು ಆಕ್ಸಿ ಅನ್ನಕ್ಕೆ ಮೂರ್ ಆಳೆ ಯಾಕ್ ಮೇಷ್ಟ್ರೇ?" ಎಂದಳು ಸಾಕಮ್ಮ.

"ಅದಕ್ಕೊಂದು ಕ್ರಮ ಅಂತ ಇದೆ ಕಣಮ್ಮ" ಎಂದೆ.

ಸಭೆಯಲ್ಲಿ ನನ್ನ ಹಳೆಯ ಶಿಷ್ಯನೇ ಸದಸ್ಯ. ಗುರುಗಳು ಬಂದಿದ್ದಾರೆಂದು ಕೈಹಿಡಿದು ವೇದಿಕೆಗೇ ಕರೆದೊಯ್ದು ಶಾಲು ಹೊದಿಸಿದ. ಬಿಸಿಬಿಸಿ ಮದ್ದೂರು ವಡೆಯೂ ಬಂತು. ಕೆಳಗೆ ಕೂತವನಿಗೆ ಮೇಲೆ ಕೂತವರ ಮೇಲೆ ಸಿಟ್ಟು ಬರುತ್ತದೆ. ಮೇಲೆಯೇ ಕೂತು ವಡೆ ತಿನ್ನುವವನು ಯಾರ ಮೇಲೆ ಸಿಟ್ಟಾಗಬೇಕು, ನೀವೇ ಹೇಳಿ.

ಮಾತಾಡಲು ಐದು ನಿಮಿಷ. ಅಧ್ಯಕ್ಷರಿಗೆ, ಉಪಾಧ್ಯಕ್ಷರಿಗೆ, ಮುಖ್ಯಾಧಿಕಾರಿಗೆ, ಒಬ್ಬೊಬ್ಬ ಸದಸ್ಯರಿಗೂ ಹೆಸರು ಹಿಡಿದು ವಂದಿಸಿದೆ. ಒಬ್ಬರ ಹೆಸರು ಬಿಟ್ಟುಹೋಯಿತು. ಕ್ಷಮೆ ಕೇಳಿ ಮತ್ತೆ ಮೊದಲಿನಿಂದ ವಂದಿಸಿದೆ. ಕಾವೇರಿ ತಾಯಿಯನ್ನು ನೆನೆದು, ಮುತ್ತತ್ತಿ ಆಂಜನೇಯನಿಗೆ ಕೈಮುಗಿದು, "ಇನ್ನು ವಿಷಯಕ್ಕೆ ಬರುವುದಾದರೆ" ಎನ್ನುವಷ್ಟರಲ್ಲಿ ಗಂಟೆ ಬಾರಿಸಿದರು. ಜೋರು ಚಪ್ಪಾಳೆ. ನಾಚಿಕೆಗೇಡು, ನನಗೆ ಖುಷಿಯೇ ಆಯಿತು.

ಹಿಂದಿನ ಸಾಲಿನಿಂದ ಸಾಕಮ್ಮ ಎದ್ದಳು. ಅವಳಿಗೆ ಮೈಕು ಬೇಕಿರಲಿಲ್ಲ.

"ಸ್ವಾಮಿ, ನಮ್ ಮೇಷ್ಟ್ರು ಒಳ್ಳೇವ್ರೇ. ಆದ್ರೆ ಇವ್ರ ನಮಸ್ಕಾರ ಮುಗಿಯೋ ಒತ್ಗೆ ನನ್ ಗಂಡ ಇನ್ನೊಂದ್ ದಪ ಮೋರಿಗ್ ಬಿದ್ದಿರ್ತಾನೆ. ಕಲ್ಲು ಆಕುಸ್ತೀರೋ ಇಲ್ವೋ, ಅಷ್ಟ್ ಯೋಳಿ!"

ಸಭೆ ಗೊಳ್ಳೆಂದಿತು. ಮುಖ್ಯಾಧಿಕಾರಿ "ಯಾವ ಜಾಗ ಅಮ್ಮ?" ಎನ್ನುತ್ತ ನನ್ನ ಅರ್ಜಿಗೆ ಕೈಚಾಚಿದರು. ಮೂರೂ ಪುಟ ತಿರುಗಿಸಿ ನನ್ನ ಮುಖ ನೋಡಿದರು. ಅದರಲ್ಲಿ ಚರಂಡಿಯ ಇತಿಹಾಸವಿತ್ತು, ಪೌರಧರ್ಮವಿತ್ತು. ಯಾವ ಬೀದಿ, ಯಾವ ಮನೆ ಎನ್ನುವುದೊಂದು ಇರಲಿಲ್ಲ. ಸಾಕಮ್ಮ "ಬನ್ನಿ, ತೋರುಸ್ತೀನಿ" ಎಂದು ಇಂಜಿನಿಯರನ್ನು ಎಬ್ಬಿಸಿಕೊಂಡು ಹೊರಟೇಬಿಟ್ಟಳು. ವಾರದೊಳಗೆ ಹೊಸ ಚಪ್ಪಡಿ ಕೂತಿತು.

ಇಷ್ಟಕ್ಕೇ ಮುಗಿದಿದ್ದರೆ ನಾನೂ ಮರೆಯುತ್ತಿದ್ದೆ. ಆದರೆ ಸಾಕಮ್ಮ ಗಂಡನಿಗೆ "ಮೇಷ್ಟ್ರು ಮಾತಾಡಿ ಆಕುಸುದ್ರು" ಎಂದುಬಿಟ್ಟಿದ್ದಳು. ನನ್ನ ಮರ್ಯಾದೆ ಉಳಿಸಲೋ, ಕಳೆಯಲೋ, ಅವಳಿಗೇ ಗೊತ್ತು. ಅಂದಿನಿಂದ ಚೌಡಪ್ಪ ದಿನಾ ಬೆಳಿಗ್ಗೆ ನನ್ನ ಗೇಟಿನ ಮುಂದೆ ನಿಂತು, "ನಿಮ್ ಪುಣ್ಯ ಮೇಷ್ಟ್ರೇ" ಎಂದು ಕೈಮುಗಿದೇ ಟೀ ಕುಡಿಯಲು ಹೋಗುವುದು. ನಾನೂ "ಅಯ್ಯೋ, ಅದೇನ್ ಮಹಾ ಬಿಡಪ್ಪ" ಎನ್ನುತ್ತ ಬಂದೆ. ಎರಡು ವರ್ಷ!

ಇವತ್ತು ಶಾಲು ಕೈಯಲ್ಲಿದ್ದಾಗಲೇ ಕೋಲಿನ ಸದ್ದು ಕೇಳಿತು. ಇನ್ನು ತಡೆಯಲಾಗಲಿಲ್ಲ. ಗೇಟಿಗೆ ಓಡಿ ಒಂದೇ ಉಸಿರಿಗೆ ಹೇಳಿದೆ: "ಚೌಡಣ್ಣ, ಕಲ್ಲು ಹಾಕ್ಸಿದ್ದು ನಾನಲ್ಲ. ನಾನು ವಡೆ ತಿಂದು ಬಂದೆ, ಅಷ್ಟೇ. ಕೇಳಿದ್ದು ನಿಮ್ಮ ಸಾಕಮ್ಮ." ಜೀವನದಲ್ಲಿ ಮೊದಲ ಸಲ ವಂದನೆಯಿಲ್ಲದೆ ವಿಷಯಕ್ಕೆ ಬಂದಿದ್ದೆ.

ಚೌಡಪ್ಪ ನಕ್ಕ. "ಗೊತ್ತು ಬುಡಿ ಮೇಷ್ಟ್ರೇ. ಅವ್ಳು ಅಲ್ಲಿ ಕೂಗಿದ್ದು ಬಾಗ್ಲಲ್ ಕೂತಿದ್ದ ನಂಗೇ ಕೇಳುಸ್ತು. ನೀವ್ ಯಾವತ್ ಯೋಳೀರಿ ಅಂತ ದಿನಾ ಗೇಟ್ ತಾವ ನಿಂತ್ಕತಿದ್ದೆ. ನಾಳಿಂದ ನಿಲ್ಲಾಕಿಲ್ಲ, ಟೀಗೆ ತಡ ಆಯ್ತದೆ."

"ತಡಿ, ನಾನೂ ಬರ್ತೀನಿ" ಎಂದು ಶಾಲನ್ನು ಗೇಟಿನ ಮೇಲೆ ಹಾಕಿ ಚಪ್ಪಲಿ ಮೆಟ್ಟಿದೆ.