ಐದನೆಯ ತಟ್ಟೆ

ಅರ್ಗಿರೋ ಅಡುಗೆಮನೆಯಿಂದ ಹೊರಗೆ ಬರುತ್ತಿದ್ದವಳೇ ಅಲ್ಲ. ವೋಲೋಸ್ ಬಂದರಿನ ಆ ಸಾರಾಯಿ ಅಂಗಡಿ ಮೊದಲು ಅವಳಪ್ಪನದು, ಈಗ ಅಣ್ಣ ಝೀಸಿಸ್‌ನದು. ಅಲ್ಲಿ ನಲವತ್ತೊಂದು ವರ್ಷ ಒಲೆಯ ಮುಂದೆ ನಿಂತವಳು, ಹಿಂಬಾಗಿಲಿನಿಂದ ಬಂದು ಹಿಂಬಾಗಿಲಿನಿಂದಲೇ ಮನೆಗೆ ಹೋಗುತ್ತಿದ್ದಳು. ನಮಗೆ ಕಾಣುತ್ತಿದ್ದದ್ದು ಒಳಗಿನ ಕಿಟಕಿಯಲ್ಲಿ ತಟ್ಟೆ ಚಾಚುವ ಎರಡು ಕೈ ಮಾತ್ರ. ಪಕ್ಕದಲ್ಲೇ ಹಗ್ಗ, ಗಾಳದ ಅಂಗಡಿ ಇಟ್ಟಿರುವ ನಾನು ಆ ಕೈಯ ಅಡುಗೆ ಉಂಡೇ ಈ ಹೊಟ್ಟೆ ಬೆಳೆಸಿದ್ದೇನೆ. ಪಾಂಡೆಲಿಸ್ ಉಣ್ಣುವಾಗಲೂ ಮುಖ ಗಂಟಿಕ್ಕಿಕೊಂಡಿರುತ್ತಾನೆ ಎಂದು ಜನ ನನ್ನನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಇಲ್ಲಿ ಯಾರೂ ಇಂಥದ್ದೇ ಬೇಕೆಂದು ಕೇಳಿ ಉಣ್ಣುವುದಿಲ್ಲ. ಸಿಪುರೋ ಸಾರಾಯಿಯ ಪುಟ್ಟ ಸೀಸೆ ಕೇಳಬೇಕು, ಅದರ ಜೊತೆ ಅಂಗಡಿಯವರು ಕೊಟ್ಟಿದ್ದನ್ನು ತಿನ್ನಬೇಕು. ಸೀಸೆ ಏರಿದಂತೆ ತಟ್ಟೆಯೂ ಏರುತ್ತದೆ. ಒಂದನೆಯದಕ್ಕೆ ಡಬ್ಬದ ಆಲಿವ್, ಉಪ್ಪಿನಕಾಯಿ. ಅದನ್ನು ಝೀಸಿಸ್ ಹೊರಗೆ ನಿಂತೇ ತುಂಬಿ ಕೊಡುತ್ತಾನೆ, ಒಲೆಯ ಬಿಸಿ ತಾಗಿದ್ದಲ್ಲ. ಎರಡಕ್ಕೆ ಚಿಪ್ಪುಮೀನು, ಮೂರಕ್ಕೆ ಸಿಗಡಿ, ನಾಲ್ಕಕ್ಕೆ ಕೆಂಡದಲ್ಲಿ ಸುಟ್ಟ ಆಕ್ಟೋಪಸ್. ಐದನೆಯದು ಅರ್ಗಿರೋಳ ಬೊಂಡಾಸ್, ಮಸಿ ಉಗುಳುವ ಮೆತ್ತನೆಯ ಕಡಲಜೀವಿ. ಚಳಿ ಮುರಿದು ಅವು ದಡದ ಹತ್ತಿರ ಬರುವ ಕೆಲವೇ ವಾರ, ಅವುಗಳದೇ ಮಸಿಯಲ್ಲಿ ಪಾಲಕ್ ಸೊಪ್ಪು ಹಾಕಿ ಬೇಯಿಸಿದ್ದು. ಒಂದು ಸೀಸೆ ಖಾಲಿಯಾಗದೆ ಇನ್ನೊಂದು ಬರುವುದಿಲ್ಲ. ಝೀಸಿಸ್ ಅಲ್ಲಾಡಿಸಿ ನೋಡಿಯೇ ಒಯ್ಯುತ್ತಾನೆ. ಅವನಿಗೆ ದೇವರಿಗಿಂತ ಕ್ರಮ ದೊಡ್ಡದು.

ಎರಡು ವರ್ಷದ ಹಿಂದೆ ಫೋಟಿಸ್ ಊರಿಗೆ ಮರಳಿದ. ಇಪ್ಪತ್ತರ ಹರೆಯದಲ್ಲಿ ಅರ್ಗಿರೋಳನ್ನು ಕೊಡಿ ಎಂದು ಅವಳಪ್ಪನ ಮುಂದೆ ನಿಂತವನು. ಬರಿಗೈಯವನಿಗೆ ಮಗಳನ್ನು ಕೊಡುವುದಿಲ್ಲ ಎನ್ನಿಸಿಕೊಂಡು, ಅವಳಿಗೆ ಒಂದು ಮಾತೂ ಹೇಳದೆ ಹಡಗು ಹತ್ತಿದವನು. ಅಂದು ಅವಳು ಮೊದಲ ಬಾರಿ ಬೊಂಡಾಸ್ ಬೇಯಿಸಿ ಅವನಿಗಾಗಿ ಕಾದಿದ್ದಳು. ಆಮೇಲೆ ಬಂದ ಸಂಬಂಧಗಳಿಗೆಲ್ಲ ಬೇಡ ಎಂದಳು.

ಊರಿಗೆ ಬಂದವನು ನೀರಿಗೆ ಬಾರದೆ ಇರುತ್ತಾನೆಯೇ? ಮರುದಿನವೇ ಬಂದು ಕಿಟಕಿಗೆ ಎದುರಾಗಿ ನನ್ನ ಮೇಜಿನಲ್ಲಿ ಕೂತ. ಆದರೆ ಅವನ ಎದೆ ಕೆಟ್ಟಿತ್ತು, ದಿನಕ್ಕೆ ಒಂದು ಸೀಸೆ ದಾಟಬೇಡ ಎಂದು ಡಾಕ್ಟರು ಹೇಳಿದ್ದರು. ಒಂದು ಸೀಸೆ, ಒಂದನೆಯ ತಟ್ಟೆ. ದಿನವೂ ಆಲಿವ್ ಚೀಪುತ್ತಾ ಆ ಎರಡು ಕೈಗಳನ್ನೇ ನೋಡುತ್ತಿದ್ದ.

"ನನ್ ತಟ್ಟೆಯಿಂದ ತಗೋ ಮಾರಾಯ," ಎಂದೆ ಒಮ್ಮೆ.

"ಅದು ಅವಳು ನಿಂಗೆ ಕಳಿಸಿದ್ದು."

"ಹಂಗಾದ್ರೆ ಹಿಂಬಾಗಿಲಿಗೆ ಹೋಗಿ ನಿಲ್ಲು. ಅವಳೇನು ಹುಲಿನಾ?"

"ಬಿಟ್ಟು ಹೋದೋನು ನಾನು. ಕರೆಯೋಕೆ ಯಾವ ಮುಖ ಇದೆ? ಅವಳಾಗೇ ಹೊರಗೆ ಬರ್ಬೇಕು."

ಒಳಗೆ ಅವಳದೂ ಅದೇ ಹಟ. ಬೇಕಿದ್ದವನು ಬಾಗಿಲಿಗೆ ಬರುತ್ತಾನೆ ಎಂದು ಅತ್ತಿಗೆಯ ಹತ್ತಿರ ಹೇಳಿದ್ದಳಂತೆ. ಇಬ್ಬರ ನಡುವೆ ಎಂಟು ಹೆಜ್ಜೆ. ಎರಡು ವರ್ಷ ಅದನ್ನು ನೋಡಿ ನೋಡಿ ನನಗೇ ಸಂಕಟವಾಗುತ್ತಿತ್ತು.

ಈ ಸಲದ ಶುದ್ಧ ಸೋಮವಾರ, ದೊಡ್ಡ ಉಪವಾಸದ ಮೊದಲ ದಿನ. ರಕ್ತವಿರುವ ಮೀನು ಮುಟ್ಟುವಂತಿಲ್ಲವಾದ್ದರಿಂದ ಊರೆಲ್ಲ ಚಿಪ್ಪು, ಬೊಂಡಾಸಿಗೆ ಮುಗಿಬಿದ್ದಿತ್ತು. ಕಟ್ಟೆಯ ಮೇಲೆ ಎಳೆ ಬಿಸಿಲು, ಆಕಾಶದ ತುಂಬ ಗಾಳಿಪಟ. ಫೋಟಿಸ್ ಸಣ್ಣ ಚೀಲವೊಂದನ್ನು ಕಾಲ ಬಳಿ ಇಟ್ಟು ಕೂತ. ನಾಲ್ಕರ ಬಸ್ಸಿಗೆ ಸಲೋನಿಕಕ್ಕೆ ಹೊರಟಿದ್ದ. ಗುರುವಾರ ಎದೆಯ ಆಪರೇಷನ್.

"ಎದ್ದು ಬರ್ತೀನೋ ಇಲ್ವೋ. ಐದನೇದು ತಿಂದೇ ಹೋಗೋದು," ಎಂದು ಎರಡನೆಯ ಸೀಸೆ ಕೇಳಿದ.

"ಬಸ್ ಹತ್ತೋ ಮುಂಚೆನೇ ಸಾಯ್ತೀಯ."

"ಉಂಡು ಸಾಯ್ತೀನಿ ಬಿಡು."

"ಫೋಟಿಸ್‌ಗೆ ಎರಡನೇದು," ಎಂದು ಝೀಸಿಸ್ ಕೂಗಿದ. ಕಿಟಕಿಯಲ್ಲಿ ಕೈಗಳು ತುಸು ಹೊತ್ತು ತಡೆದವು, ಆಮೇಲೆ ಚಿಪ್ಪುಮೀನಿನ ತಟ್ಟೆ ಚಾಚಿದವು. ಫೋಟಿಸ್ ಒಂದೊಂದಾಗಿ ತಿಂದು, ತಳದ ರಸವನ್ನೂ ರೊಟ್ಟಿಯಲ್ಲಿ ಒರೆಸಿ ಬಾಯಿಗಿಟ್ಟ. ಮೂರನೆಯ ಸೀಸೆ ಬರುವ ಹೊತ್ತಿಗೆ ತುಟಿ ನೀಲಿಗಟ್ಟಿತ್ತು. ನನಗೆ ತಡೆಯಲಾಗಲಿಲ್ಲ, ಕಿಟಕಿಗೆ ಹೋದೆ.

"ಅರ್ಗಿರೋ, ಗುರುವಾರ ಇವನ ಎದೆ ಕೊಯ್ತಾರೆ. ನಿನ್ ಐದನೇ ತಟ್ಟೆಗೋಸ್ಕರ ಕುಡೀತಿದಾನೆ. ಈಗ್ಲೇ ಕೊಟ್ಬಿಡು."

"ಮೂರನೇ ಸೀಸೆಗೆ ಐದನೇ ತಟ್ಟೆನಾ? ನಾಳೆ ಊರೋರೆಲ್ಲ ಕೇಳ್ತಾರೆ," ಎಂದು ಝೀಸಿಸ್ ಹಿಂದಿನಿಂದ ಗೊಣಗಿದ.

ಅರ್ಗಿರೋ ಒಲೆಯಿಂದ ಪಾತ್ರೆ ಇಳಿಸಿದಳು. ಕೈ ಒರೆಸಿಕೊಂಡಳು. ಅಡುಗೆಮನೆಯ ಬಾಗಿಲು ತೆರೆಯಿತು, ಅಂಗಡಿಯವರೆಲ್ಲ ತಿರುಗಿ ನೋಡಿದರು. ಗಿಡ್ಡ ಹೆಂಗಸು, ಕನ್ನಡಕದ ಮೇಲೆ ಇನ್ನೂ ಹಬೆ. ಕೈಯಲ್ಲಿ ತಟ್ಟೆ ಇರಲಿಲ್ಲ. ನೇರ ಬಂದು ಫೋಟಿಸ್‌ನ ಸೀಸೆ ಎತ್ತಿಕೊಂಡು, ಕಟ್ಟೆಯ ಅಂಚಿಗೆ ಹೋಗಿ ಸಮುದ್ರಕ್ಕೆ ಸುರಿದಳು. ವಾಪಸು ಬಂದು ಎದುರಿಗೆ ಕೂತಳು.

"ಮುದುಕ ಆಗಿದೀಯ."

"ನೀನೂ ಏನ್ ಹುಡುಗಿಯಲ್ಲ."

"ಬೊಂಡಾಸ್ ಪಾತ್ರೆ ತುಂಬ ಇದೆ. ನಿಂಗೆ ಕೊಡೋದಿಲ್ಲ," ಎಂದಳು. "ಆವತ್ತು ನಾನು ಮಾಡಿಟ್ಟಿದ್ದೆ, ನೀನು ಹೇಳದೆ ಹೋದೆ. ಈ ಸಲ ಹೇಳಿ ಹೋಗು."

ಫೋಟಿಸ್ ಕುರ್ಚಿ ಮುಂದಕ್ಕೆಳೆದುಕೊಂಡ. ಅವಳ ಕೈ ಹಿಡಿದುಕೊಂಡು ಮಗುವಿನಂತೆ ಅತ್ತ. ಆಮೇಲೆ, "ಹೋಗಿ ಬರ್ತೀನಿ, ಅರ್ಗಿರೋ," ಎಂದ.

"ಬಾ. ಇನ್ನೂ ಮೂರು ವಾರ ಬೊಂಡಾಸ್ ಸಿಗುತ್ತೆ. ಅದು ಮುಗಿದ್ರೆ ಬರೋ ವರ್ಷ."

ನಾಲ್ಕಕ್ಕೆ ಅವನು ಚೀಲ ಎತ್ತಿಕೊಂಡು ಹೋದ. ಅವಳು ಎದ್ದು ಅವನ ಕುರ್ಚಿಯಲ್ಲಿ ಕೂತಳು. ಝೀಸಿಸ್ ಕೈಬಟ್ಟೆ ಹಿಂಡುತ್ತಾ ಬಂದು ನಿಂತ.

"ಒಂದು ಸೀಸೆ ತಾ ಅಣ್ಣ," ಎಂದಳು.

ಅವನು ತಂದ. ಕ್ರಮ ಕ್ರಮವೇ, ಜೊತೆಗೆ ಒಂದನೆಯ ತಟ್ಟೆ. ಅರ್ಗಿರೋ ಸೀಸೆ ಮುಟ್ಟಲಿಲ್ಲ. ಒಂದು ಆಲಿವ್ ಬಾಯಿಗೆ ಹಾಕಿಕೊಂಡಳು, ಉಪ್ಪಿನಕಾಯಿ ಕಚ್ಚಿದಳು. ಬರೀ ಉಪ್ಪು, ಡಬ್ಬದ ವಾಸನೆ. ಬಿಡದೆ ಅಷ್ಟನ್ನೂ ತಿಂದಳು, ಕಣ್ಣೀರು ಒರೆಸಿಕೊಳ್ಳಲೂ ಇಲ್ಲ.

"ಎರಡು ವರ್ಷ ದಿನಾ ಇದನ್ನೇ ತಿಂದ್ಕೊಂಡು ಕೂತಿದ್ನಲ್ಲ, ಪಾಂಡೆಲಿಸ್," ಎಂದಳು. "ನಾನು ಒಳಗೆ ಕಂಡೋರಿಗೆಲ್ಲ ಬೇಯಿಸಿ ಹಾಕ್ತಿದ್ದೆ."