ಮೌನಕ್ಕೂ ಚುಕ್ಕಿ ಇಡುವ ಗುಂಜಿಯ ಪ್ರಮಿಳಾ

ಖಾನಾಪುರದ ಹತ್ತಿರದ ಗುಂಜಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹಿತ್ತಲ ಕಲ್ಲಿನ ಮೇಲೆ ಕುಳಿತ ಪ್ರಮಿಳಾ ಸ್ಟೀಲ್ ಬಟ್ಟಲಲ್ಲಿ ಅಂಟುವಾಳದ ನೊರೆ ಎಬ್ಬಿಸಿ, ಎರಡು ಕಪ್ಪು ಸ್ಪಂಜುಗಳನ್ನು ಅದ್ದುತ್ತಾರೆ. ಅಂಗೈಯಷ್ಟಗಲದ ಸ್ಪಂಜುಗಳು, ಹೆಡ್‌ಫೋನಿನ ಕಿವಿಗಳಿಗೆ ಹಾಕುವಂಥವು. ಹಿಂಡುತ್ತಾರೆ, ಮತ್ತೆ ಅದ್ದುತ್ತಾರೆ, ನೀರು ತಿಳಿಯಾಗುವವರೆಗೆ ಬಿಡುವುದಿಲ್ಲ. ಆಮೇಲೆ ತಂತಿಗೆ ಚಿಮಟಿ ಹಾಕಿ ಸಿಕ್ಕಿಸಿ, ನಿನ್ನೆ ಒಣಗಿದ ಇನ್ನೊಂದು ಜೊತೆಯನ್ನು ತೆಗೆದು ಚೀಲಕ್ಕೆ ಇಡುತ್ತಾರೆ. ಮನೆಯವರು ಆಗ ಅವರನ್ನು ಮಾತಾಡಿಸುವುದಿಲ್ಲ.

ಚಹಾದ ಹೊತ್ತಿಗೆ ಅತ್ತೆ ಸಾತವ್ವನ ಬಾಯಿ ತೆರೆಯುತ್ತದೆ.

"ಇವತ್ತ ಎಷ್ಟ ತಾಸಿನ ಮಾತು ಐತಿ?"

"ಒಂದ ತಾಸಿಂದ್ರೀ ಅತ್ತಿ."

"ಒಂದ ತಾಸಿನ ಮಾತಿಗೆ ದಿನಾ ಪೂರ್ತಿ ಬೇಕೇನ ನಿನಗ? ನಮ್ಮ ಬಾಜು ಮನಿಯಾಕಿ ಅಷ್ಟ ಮಾತು ನೀರ ತುಂಬೂದ್ರಾಗ ಮುಗಸ್ತಾಳ."

ಪ್ರಮಿಳಾ ನಗುತ್ತಾರೆ. ಗಂಡ ಕಲ್ಮೇಶ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಹಳಿ ಕಾಯಲು ಹೊರಡುವ ಮುನ್ನ ಅವರದೂ ಒಂದು ಮಾತು ಬರುತ್ತದೆ: "ಈಕಿ ಕಿವಿಲೆ ದುಡೀತಾಳ, ನಾ ಕಾಲಿಲೆ. ಸಂಜೀಕ ಇಬ್ರಿಗೂ ಎಣ್ಣಿ ತಿಕ್ಕಾಕ ಅವ್ವಾನ ಬೇಕು."

ಊರಲ್ಲಿ ಕೇಳಿದರೆ ಪ್ರಮಿಳಾ ಬೆಳಗಾವಿಯಲ್ಲಿ "ಕಂಪ್ಯೂಟರ್ ಕೆಲಸ" ಮಾಡುತ್ತಾರೆ. ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ದಿನವೂ ಜೊತೆಯಾಗುವ ಹೆಂಗಸರಿಗೂ ಅಷ್ಟೇ ಗೊತ್ತು. ಕೆಲಸ ನಡೆಯುವುದು ಹಿಂದವಾಡಿಯ ಒಂದು ಮನೆಯ ಮೇಲಂತಸ್ತಿನಲ್ಲಿ, ಮನಶ್ಶಾಸ್ತ್ರಜ್ಞೆ ಡಾ. ಶುಭದಾ ಅವರ ಕಚೇರಿಯಲ್ಲಿ. ಒಬ್ಬರಾದ ಮೇಲೊಬ್ಬರಂತೆ ಹಲವರನ್ನು ಕೊಂದು ಜೈಲು ಸೇರಿದ ಏಳು ಮಂದಿಯ ಮಾತುಗಳು ಅಲ್ಲಿ ಧ್ವನಿಮುದ್ರಣವಾಗಿ ಇವೆ. ಅಂಥವರ ಮನಸ್ಸು ಹೇಗಿರುತ್ತದೆ ಎಂದು ತಿಳಿಯಲು ಡಾ. ಶುಭದಾ ಎಂಟು ವರ್ಷಗಳಿಂದ ಮಾಡುತ್ತಿರುವ ಅಧ್ಯಯನ ಅದು. ಆ ಮಾತುಗಳನ್ನು ಕೇಳಿ, ಒಂದಕ್ಷರ ಬಿಡದೆ ಕಾಗದಕ್ಕೆ ಇಳಿಸುವವರು ಪ್ರಮಿಳಾ. ಸದ್ಯದಲ್ಲೇ ಪುಸ್ತಕವಾಗಿ ಬರಲಿರುವ ಆ ಅಧ್ಯಯನದ ರಕ್ಷಾಪುಟದಲ್ಲಿ ಅವರ ಹೆಸರಿಲ್ಲ. ಅದರ ಬಗ್ಗೆ ಅವರಿಗೆ ಬೇಸರವೂ ಇಲ್ಲ. ಅವರ ಚಿಂತೆ ಬೇರೆ ನಾಲ್ಕು ಹೆಸರುಗಳದ್ದು.

ಒಂಬತ್ತನೇ ಇಯತ್ತೆಗೆ ಸಾಲಿ ಬಿಟ್ಟವರು ಪ್ರಮಿಳಾ. ತಂದೆ ತೀರಿಕೊಂಡ ವರ್ಷ ಖಾನಾಪುರದ ಒಂದು ಝೆರಾಕ್ಸ್ ಅಂಗಡಿಗೆ ಸೇರಿ, ಅಲ್ಲೇ ಟೈಪಿಂಗ್ ಕಲಿತರು. ಕೋರ್ಟಿಗೆ ಬರುವವರ ಅರ್ಜಿ ಕೇಳಿ ಕೇಳಿ ಕೈ ಕೂತಿತು. ಅಂಗಡಿಗೆ ಬಂದ ಅಜ್ಜ ಮರಾಠಿಯಲ್ಲಿ ಶುರು ಮಾಡಿ ಕನ್ನಡದಲ್ಲಿ ಅತ್ತು ಮತ್ತೆ ಮರಾಠಿಯಲ್ಲಿ ಬೈದರೂ ಈ ಹುಡುಗಿಯ ಬೆರಳು ತಡೆಯುತ್ತಿರಲಿಲ್ಲ. ಡಾ. ಶುಭದಾ ಹುಡುಕುತ್ತಿದ್ದುದು ಅಂಥವರನ್ನೇ. ಏಳು ಮಂದಿಯಲ್ಲಿ ಒಬ್ಬ ಖಾನಾಪುರದ ಕಡೆಯವನು. ಅವನ ಎರಡೂ ಭಾಷೆ ಬೆರೆತ ಮಾತು ಡಾ. ಶುಭದಾರ ಸಹಾಯಕ, ಪುಣೆಯಲ್ಲಿ ಕಲಿತ ಆಶಿಶ್‌ಗೆ ಅರ್ಧ ತಲೆಗೆ ಹತ್ತುತ್ತಿರಲಿಲ್ಲ. ಸಂದರ್ಶನ ಮಾಡಿ ಧ್ವನಿಮುದ್ರಣ ತರುವುದು ಆಶಿಶ್, ಬರೆಯುವುದು ಪ್ರಮಿಳಾ ಎಂದು ನಿಗದಿಯಾಯಿತು.

ಒಂದು ತಾಸಿನ ಮಾತನ್ನು ಬರೆಯಲು ಅವರಿಗೆ ಆರರಿಂದ ಏಳು ತಾಸು ಬೇಕು. ಕಾಲ ಕೆಳಗೆ ಪೆಡಲ್, ಒತ್ತಿದರೆ ಮಾತು ಹಿಂದಕ್ಕೆ ಹೋಗುತ್ತದೆ. ಕೆಲವು ವಾಕ್ಯಗಳಿಗೆ ಇಪ್ಪತ್ತು ಸಲ ಒತ್ತಿದ್ದುಂಟು. ಈವರೆಗೆ ಇನ್ನೂರ ಹನ್ನೆರಡು ತಾಸಿನ ಮಾತು ಅವರ ಕಿವಿಯಿಂದ ಕೈಗೆ ಇಳಿದಿದೆ. ಮಾತಷ್ಟೇ ಅಲ್ಲ, ಸುಮ್ಮನಿದ್ದದ್ದನ್ನೂ ಬರೆಯಬೇಕು: ಒಂದು ಸೆಕೆಂಡಿನ ಮೌನಕ್ಕೆ ಒಂದು ಚುಕ್ಕಿ. ಕೆಮ್ಮು, ನಿಟ್ಟುಸಿರು, ಕುರ್ಚಿ ಎಳೆದ ಸದ್ದು ಎಲ್ಲವೂ ಕಂಸದೊಳಗೆ ಬರುತ್ತವೆ.

ಮೊದಮೊದಲು ಪ್ರಮಿಳಾಗೆ ಹೆದರಿಕೆ ಇತ್ತು. "ರಾಕ್ಷಸರ ದನಿ ಇರತೈತಿ ಅನಕೊಂಡಿದ್ನಿರೀ. ಹಲ್ಲು ಕಡಿತಾರ, ಒದರತಾರ ಅಂತ. ಕೇಳಿದ್ರ ನಮ್ಮ ಸ್ವಾದರ ಮಾವನ ದನಿ ಇದ್ದಂಗ ಐತಿ. ಆಶಿಶ್ ಸರ್ ಕೆಮ್ಮಿದ್ರ, 'ಸಾಹೇಬ್ರ, ಕಫಾ ಆಗೇತಿ, ಬಿಸಿನೀರ ಕುಡೀರಿ' ಅಂತಾನ. ಅಯ್ಯ, ಇಂವ ಹ್ಯಾಂಗ ಕೊಂದಾನು ಅನಸ್ತು."

ಖಾನಾಪುರದ ಆ ಮನುಷ್ಯನ ಬಗ್ಗೆಯೇ ಅವರು ಹೇಳುತ್ತಿರುವುದು. ನಾಲ್ವರು ಹೆಂಗಸರನ್ನು ಕೊಂದವನು. ಕೆಲಸ ಕೊಡಿಸುತ್ತೇನೆಂದು ಕರೆದೊಯ್ದು, ಒಬ್ಬೊಬ್ಬರನ್ನೇ, ಮೂರು ವರ್ಷಗಳ ಅವಧಿಯಲ್ಲಿ. ಅವನ ಹೆಸರು ಇಲ್ಲಿ ಬೇಡ.

ಹತ್ತು ದಿನ ಕೇಳಿದ ಮೇಲೆ ಪ್ರಮಿಳಾಗೆ ಬೇರೇನೋ ಕೇಳಿಸತೊಡಗಿತು. ಬಿಸಿನೀರು ಕುಡಿಯಿರಿ ಎನ್ನುವಾಗಲೂ, ಸತ್ತವಳ ಚಪ್ಪಲಿಯನ್ನು ಎಲ್ಲಿ ಎಸೆದೆ ಎಂದು ಹೇಳುವಾಗಲೂ ಅವನ ದನಿ ಒಂದೇ. ಏರುವುದಿಲ್ಲ, ಇಳಿಯುವುದಿಲ್ಲ. ಅವಳ ಬುತ್ತಿ ಡಬ್ಬಿಯ ಬಣ್ಣ ನೆನಪಿದೆ, ಕಾಲ್ಗೆಜ್ಜೆಗೆ ಎಷ್ಟು ಗುಂಡುಗಳಿದ್ದವು ಎಂಬುದು ನೆನಪಿದೆ, ಹತ್ತಿದ ಬಸ್ಸು ನೆನಪಿದೆ. ಆ ಹೆಂಗಸು ದಾರಿಯಲ್ಲಿ ಏನು ಮಾತಾಡಿದಳು ಎಂದರೆ ಮಾತ್ರ ನೆನಪಿಲ್ಲ. ತನ್ನ ಮಂಡಿನೋವಿನ ಬಗ್ಗೆ ನಲವತ್ತು ನಿಮಿಷ ಮಾತಾಡುತ್ತಾನೆ. ಜೈಲಿನಲ್ಲಿ ಬೇಳೆಸಾರು ನೀರಾಗಿರುವುದು ಅವನಿಗೆ ಆಗಿರುವ ದೊಡ್ಡ ಅನ್ಯಾಯ.

"ಬಾಳಿನ್ಯಾಗ ತನಗ ಮೋಸ ಆಗೇತಿ ಅಂತನ ಹೇಳ್ತಾನ್ರಿ. ತಾ ಮಾಡಿದ್ದು ಲೆಕ್ಕಕ್ಕನ ಇಲ್ಲ. ಸಿಹಿ ಮಾತು ಅಂವಗ ಅಂಗಿ ಇದ್ದಂಗ, ಯಾರ ಬಂದರ ಯಾವುದು ಅಂತ ಹಾಕ್ಕೋತಾನ."

ಪ್ರಮಿಳಾ ಹೇಳಿದ್ದನ್ನೇ ಡಾ. ಶುಭದಾ ಪುಸ್ತಕದಲ್ಲಿ ಉದ್ದುದ್ದ ಪದಗಳಲ್ಲಿ ಬರೆದಿದ್ದಾರೆ. ಮೇಲ್ನೋಟದ ಮೋಡಿ, ಇನ್ನೊಬ್ಬರ ನೋವು ತಟ್ಟದಿರುವುದು, ಎಲ್ಲವೂ ತನ್ನ ಹಿಡಿತದಲ್ಲಿರಬೇಕೆಂಬ ಹಟ, ಪಶ್ಚಾತ್ತಾಪದ ಕೊರತೆ. ಆದರೆ ಇವಿಷ್ಟನ್ನು ಪಟ್ಟಿ ಮಾಡಿ ಯಾರನ್ನೂ ಅಳೆಯಬಾರದು ಎನ್ನುತ್ತಾರೆ ಅವರು. "ಏಳು ಮಂದೀನೂ ಏಳು ಥರಾ ಇದಾರ. ಕೆಲವರು ಸಣ್ಣವರಿದ್ದಾಗ ಭಾಳ ಹೊಡತಾ ತಿಂದಾರ, ಖರೇ. ಆದ್ರ ಹಂಗ ಹೊಡತಾ ತಿಂದ ಬೆಳದವರೊಳಗ ಹೆಚ್ಚಿನವರು ಒಂದ ಇರುವೀಗೂ ಕೇಡ ಮಾಡೂದಿಲ್ಲ. ಮುಖಾ ನೋಡಿ ಗುರುತ ಹಿಡೀತೀನಿ ಅನ್ನೋರನ್ನ ನಂಬಬ್ಯಾಡ್ರಿ."

ಮುಖ ನೋಡದೆ, ಬರೀ ದನಿ ಕೇಳುವ ಪ್ರಮಿಳಾ ಒಮ್ಮೆ ತಪ್ಪಿದ್ದುಂಟು. ಅದನ್ನು ಅವರೇ ಹೇಳುತ್ತಾರೆ.

ಅವನ ಹತ್ತೊಂಬತ್ತನೇ ಧ್ವನಿಮುದ್ರಣ. ಮೂರನೆಯ ಹೆಂಗಸಿನ ಬಗ್ಗೆ ಆಶಿಶ್ ಕೇಳುತ್ತಾರೆ: ಇನ್ನು ತಾನು ಉಳಿಯುವುದಿಲ್ಲ ಎಂದು ಗೊತ್ತಾದಾಗ ಆಕೆ ಏನಂದಳು? ಒಂಬತ್ತು ಸೆಕೆಂಡ್ ಮೌನ. ಆಮೇಲೆ ಒಂದು ಸಣ್ಣ ನಗು, ಮೂಗಿನಿಂದ ಬಂದದ್ದು. ಆಮೇಲೆ, "ಪಾಪ." ಪ್ರಮಿಳಾ ಒಂಬತ್ತು ಚುಕ್ಕಿ ಇಟ್ಟರು, "ಪಾಪ" ಎಂದು ಬರೆದರು. ನಗುವನ್ನು ಬರೆಯಲಿಲ್ಲ.

ಯಾಕೆ ಎಂದು ಕೇಳಿದರೆ ಅವರು ಕೊಡುವ ಉತ್ತರ ಗಂಡನ ಚೀಲದಲ್ಲಿದೆ. ಕಲ್ಮೇಶರ ಹೆಗಲ ಚೀಲದಲ್ಲಿ ಬುತ್ತಿ, ಸ್ಪ್ಯಾನರ್, ಕೆಂಪು ಬಾವುಟದ ಜೊತೆ ಒಗೆದು ಮಡಿಸಿದ ಒಂದು ಪಂಚೆ ಯಾವಾಗಲೂ ಇರುತ್ತದೆ. ಹಳಿಯ ಮೇಲೆ ಯಾರಾದರೂ ಗಾಡಿಗೆ ಸಿಕ್ಕಿ ಸತ್ತರೆ, ಅವರ ಮಂದಿ ಬಂದು ಮುಟ್ಟುವಷ್ಟರಲ್ಲಿ ಮುಖ ಮುಚ್ಚಲು. ಇಲಾಖೆ ಕೊಟ್ಟದ್ದಲ್ಲ ಅದು. ಆ ಗ್ಯಾಂಗಿನ ಹಿರಿಯರು ಹಾಕಿಕೊಟ್ಟ ರೂಢಿ.

"ನನಗೂ ಹಂಗ ಅನಸ್ತ್ರಿ. ಒಂದಿನ ಆಕಿಯವ್ವ ಇದನ್ನ ಓದಿದ್ರ? ಯಾರಾರ ಓದಿ ಹೇಳಿದ್ರ? ಸಣ್ಣ ನಗೀ ಅಲಾ, ಮುಚ್ಚಿಬಿಟ್ನಿ."

ಆದರೆ ಬರೆದ ಹಾಳೆಯನ್ನು ಓದುವವರು ಡಾ. ಶುಭದಾ. ಆ ಹೊತ್ತಿಗೆ ಆಶಿಶ್ ಬೇರೆ ಊರಿಗೆ ಕೆಲಸಕ್ಕೆ ಹೋಗಿದ್ದರು. ಹಾಳೆಯಲ್ಲಿ ಕಂಡದ್ದು ಒಂಬತ್ತು ಸೆಕೆಂಡಿನ ಮೌನ, ಆಮೇಲೆ ಒಂದು "ಪಾಪ". ಕಲ್ಲಿನಂಥವನ ಎದೆಯಲ್ಲಿ ಕೊನೆಗೂ ಒಂದು ಹನಿ ಕಂಡಿತು ಎಂದು ಅವರು ಆ ಒಂದು ಜಾಗದ ಮೇಲೆ ಒಂದಿಡೀ ಅಧ್ಯಾಯ ಕಟ್ಟಿದರು. ಅದನ್ನು ಟೈಪು ಮಾಡಲು ಪ್ರಮಿಳಾಗೇ ಕೊಟ್ಟರು.

ಮೂರು ದಿನ ಪ್ರಮಿಳಾ ಬುತ್ತಿ ಬಿಚ್ಚಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಹೆಡ್‌ಫೋನನ್ನು ಮೇಡಮ್ಮರ ಮೇಜಿನ ಮೇಲಿಟ್ಟು, "ಇಲ್ಲೆ ಒಂದ ನಗೀ ಐತ್ರಿ. ನಾ ಬರದಿಲ್ರಿ" ಎಂದು, ಗಂಡನ ಚೀಲದ ಪಂಚೆಯ ಮಾತನ್ನೂ ಹೇಳಿದರು. ಡಾ. ಶುಭದಾ ನಾಲ್ಕು ಸಲ ಕೇಳಿದರು. ಆ ಅಧ್ಯಾಯದ ಇಪ್ಪತ್ತಾರೂ ಪುಟಕ್ಕೆ ಅಡ್ಡಗೆರೆ ಎಳೆದರು. ಕೆಲಸ ಹೋಯಿತು ಎಂದೇ ಪ್ರಮಿಳಾ ಚೀಲ ಎತ್ತಿಕೊಂಡಿದ್ದರು.

"ಎಲ್ಲೆ ಹೊಂಟಿ? ಕುಂದರು," ಎಂದರಂತೆ ಮೇಡಮ್. "ಅಂವ ನಕ್ಕಿದ್ದನ್ನ ಮುಚ್ಚೂದು ನಿನ್ನ ಕೆಲಸ ಅಲ್ಲ. ಆ ಹುಡುಗಿ ಮ್ಯಾಲೆ ಅರಿವೆ ಹೊಚ್ಚಬೇಕು ಅಂತ ಅನಸಿದ್ರ, ಅದಕ್ಕ ಬ್ಯಾರೆ ಜಾಗಾ ಹುಡುಕು."

ಪ್ರಮಿಳಾ ಹುಡುಕಿದರು. ಇಡೀ ಪುಸ್ತಕದಲ್ಲಿ ಆ ನಾಲ್ವರು ಹೆಂಗಸರು ಒಂದು, ಎರಡು, ಮೂರು, ನಾಲ್ಕು. ಬರೀ ಅಂಕಿ. ಅವನ ಮಂಡಿನೋವಿಗೆ ಹದಿನೆಂಟು ಪುಟವಿದೆ, ಅವರಿಗೊಂದು ಹೆಸರಿಲ್ಲ. ಅವನ ಭಾಗದ ಮೊದಲ ಪುಟದಲ್ಲಿ ನಾಲ್ಕೂ ಹೆಸರು ಹಾಕಬೇಕು ಎಂದು ಅವರು ಕೇಳಿಕೊಂಡರು. ಅಧ್ಯಯನದ ನಿಯಮ ನೋಡುವ ಸಮಿತಿ ಒಪ್ಪಿತು, ಆದರೆ ಪ್ರತಿ ಮನೆಯವರೂ ಸಹಿ ಹಾಕಿ ಒಪ್ಪಿಗೆ ಕೊಡಬೇಕು ಎಂದಿತು. ಡಾ. ಶುಭದಾ ಒಂದು ಮಾತು ಸೇರಿಸಿದರು: ಹಾಕಿದರೆ ನಾಲ್ಕೂ ಹೆಸರು, ಇಲ್ಲವಾದರೆ ಒಂದೂ ಬೇಡ, ಮೂರು ಹೆಸರು ಹಾಕಿ ಒಂದನ್ನು ಅಂಕಿಯಾಗಿ ಬಿಡುವುದು ಸರಿಯಲ್ಲ. ಇದೇ ತಿಂಗಳ ಕೊನೆಗೆ ಪುಸ್ತಕ ಮುದ್ರಣಕ್ಕೆ ಹೋಗುತ್ತದೆ.

ಭಾನುವಾರಗಳಂದು ಪ್ರಮಿಳಾ ಆ ಮನೆಗಳಿಗೆ ಹೋಗಿ ಬರುತ್ತಿದ್ದಾರೆ. ಮೂರು ಮನೆಯವರು ಸಹಿ ಮಾಡಿದ್ದಾರೆ. ಒಬ್ಬಳ ತಮ್ಮ ಒಪ್ಪಿಗೆ ಕಾಗದವನ್ನು ಎರಡು ಸಲ ಓದಿ, ತನ್ನ ಅಕ್ಕನ ಹೆಸರನ್ನು ತಾನೇ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟಿದ್ದಾನೆ, ಮುದ್ರಿಸುವಾಗ ತಪ್ಪಬಾರದೆಂದು. ಉಳಿದದ್ದು ಮೂರನೆಯವಳ ಮನೆ. ಖಾನಾಪುರ ತಾಲೂಕಿನ ಒಂದು ಸಣ್ಣ ಹಳ್ಳಿ. ಮನೆಯಲ್ಲಿ ತಾಯಿ ಒಬ್ಬರೇ. ಅವರು ಒಪ್ಪುವವರೆಗೆ ಮಗಳ ಹೆಸರಾಗಲಿ, ತಾಯಿಯ ಹೆಸರಾಗಲಿ, ಊರಿನ ಹೆಸರಾಗಲಿ ಈ ಬರಹದಲ್ಲೂ ಬರುವುದಿಲ್ಲ.

ಮೊದಲ ಸಲ ಹೋದಾಗ ತಾಯಿ ಬಾಗಿಲಲ್ಲೇ ನಿಲ್ಲಿಸಿದರು. "ಆಕಿ ಹೆಸರು ಒಮ್ಮೆ ಪೇಪರಿನ್ಯಾಗ ಬಂದಿತ್ತಲಾ ತಂಗಿ, ಫೋಟೊ ಸೈತ. ಅಂವನ ಹಿಂದ ಯಾಕ ಹೋದ್ಳು ಅಂತ ಊರ ಮಂದಿ ಎಲ್ಲಾರೂ ಕೇಳಿದ್ರು. ಅಂವ ಯಾಕ ಕೊಂದಾ ಅಂತ ಒಬ್ರೂ ಕೇಳಲಿಲ್ಲ. ಮತ್ತ ಬರಸ್ತೀ ಏನು?"

ಪ್ರಮಿಳಾ ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿದರು. ಹೊರಡುವ ಹೊತ್ತಿಗೆ ತಾಯಿಯೇ ಕರೆದು ಒಂದು ಮಾತು ಕೇಳಿದರು: "ನೀ ಅಂವನ ಮಾತು ಕೇಳಿಯಂತಲಾ. ನನ್ನ ಮಗಳ ಸುದ್ದಿ ಬಂದಾಗ ಅಂವ ಅತ್ನೇನು?"

"ಇಲ್ರೀ ಎವ್ವಾ."

ಅದಕ್ಕಿಂತ ಹೆಚ್ಚು ಪ್ರಮಿಳಾ ಹೇಳಲಿಲ್ಲ, ಕಡಿಮೆಯೂ ಹೇಳಲಿಲ್ಲ. ತಾಯಿ ಬಾಗಿಲಿಂದ ಸರಿದು, "ಬಾ, ಚಾ ಕುಡದ ಹೋಗು. ಸುಳ್ಳ ಹೇಳಲಿಲ್ಲ ನೀ" ಎಂದು ಒಳಗೆ ಕರೆದರು. ಸಹಿಯ ಮಾತು ಆವತ್ತು ಮತ್ತೆ ಬರಲಿಲ್ಲ.

ಇಷ್ಟೆಲ್ಲ ಕೇಳಿ ಕೇಳಿ ಮನಸ್ಸು ಕೆಡುವುದಿಲ್ಲವೇ ಎಂದರೆ ಪ್ರಮಿಳಾ ಒಪ್ಪಿಕೊಳ್ಳುತ್ತಾರೆ. "ಕೆಡತೈತ್ರಿ. ಅದಕ ದಿನಾ ಸ್ಪಂಜ್ ತೊಳೀತೀನಿ. ಅದರಾಗ ಏನೂ ಕೂತಿರೂದಿಲ್ಲ, ಗೊತ್ತೈತಿ. ತೊಳದ್ರ ನನಗ ಸಮಾಧಾನ." ಸಂಜೆ ಗುಂಜಿಯಲ್ಲಿ ಇಳಿದರೆ ಅತ್ತೆಯ ಬಾಯಿ ಮುಚ್ಚದ ಮಾತು ಕಾದಿರುತ್ತದೆ. ಅದಕ್ಕೆ ಪೆಡಲ್ ಇಲ್ಲ. "ಅತ್ತಿ ದನಿ ಏರತೈತಿ, ಇಳೀತೈತಿ, ಸಿಟ್ಟಾಗತೈತಿ. ಕೇಳಾಕ ಎಷ್ಟ ಚಂದ ಅನಸತೈತ್ರಿ," ಎನ್ನುತ್ತಾರೆ.

ಈ ಭಾನುವಾರ ಬೆಳಿಗ್ಗೆ ಅವರು ಮತ್ತೆ ಆ ತಾಯಿಯ ಹಳ್ಳಿಯ ಬಸ್ಸು ಹತ್ತಿದ್ದಾರೆ. ತಾಯಿ ಕಟ್ಟೆಯ ಮೇಲೆ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದಾರೆ. ಪ್ರಮಿಳಾ ಪಕ್ಕದಲ್ಲಿ ಕುಳಿತು ಮೊರದ ಈಚೆ ಬದಿಯಿಂದ ಹರಳು ಆರಿಸತೊಡಗುತ್ತಾರೆ. ನಾಲ್ಕು ಕೈಗಳು ಒಂದೇ ಮೊರದಲ್ಲಿ ಓಡಾಡುತ್ತವೆ. ಆರಿಸಿದ ಹರಳುಗಳು ಕಟ್ಟೆಯ ಅಂಚಿನಲ್ಲಿ ಒಂದು ಸಣ್ಣ ಗುಂಪಾಗುತ್ತವೆ. ಕಾಗದ ಚೀಲದಲ್ಲೇ ಇದೆ, ಪೆನ್ನೂ ಇದೆ.

"ಎವ್ವಾ," ಎನ್ನುತ್ತಾರೆ ಪ್ರಮಿಳಾ, ಕೈ ನಿಲ್ಲಿಸದೆ. "ನಿಮ್ಮ ಮಗಳ ಹೆಸರ ಬರೀತೀನ್ರಿ. ಹ್ಞೂಂ ಅನ್ರಿ."

ತಾಯಿ ಮೊರವನ್ನು ತಮ್ಮ ಕಡೆ ಎಳೆದುಕೊಂಡು ಇನ್ನೊಂದು ಹಿಡಿ ಅಕ್ಕಿ ಹಾಕಿ, ಮತ್ತೆ ಇಬ್ಬರ ನಡುವೆ ಇಡುತ್ತಾರೆ.